ಸೋದರಶೋಕವೂ ಸ್ತ್ರೀವಾಣಿಯೂ



ಗದಗ-ಬೆಟಗೇರಿಯ ಮೂಡಲಿಗೆ ಎರಡು-ಮೂರು ಹರದಾರಿಗಳ ದೂರದಲ್ಲಿರುವ ಲಕ್ಕುಂಡಿಯು ಗುಡಿ-ಬಾವಿಗಳಿಂದ ಪ್ರಸಿದ್ಧವಾದ ಊರು. ಹನ್ನೆರಡನೆಯ ಶತಮಾನದ ಶರಣೆ ಮುಕ್ತಾಯಕ್ಕನ ತವರೂ ಅದೇ. ಆಕೆಯ ಅಣ್ಣನಾದ ಅಜಗಣ್ಣನು ತನ್ನ ಭಕ್ತಿಯನ್ನು ಪರರ ಕಣ್ಣಿಗೆ ಬೀಳದಂತೆ ಕಾಯ್ದುಕೊಂಡ ಗುಪ್ತಭಕ್ತನು. ತಂಗಿಗೆ ಗುರುವೂ ಅವನೇ. ಅವನು ಲಿಂಗೈಕ್ಯನಾದಾಗ ಒಡಹುಟ್ಟಿದವನೂ ಅರಿವನ್ನಿತ್ತವನೂ ಆಕೆಗೆ ಒಮ್ಮೆಲೇ ಇಲ್ಲವಾದರು.

ಸತ್ತವರ ಗುಣಗಳನ್ನೆಣಿಸಿ ಹೆಣ್ಣುಮಕ್ಕಳು ಹಾಡಿಕೊಂಡು ಅಳುವದು ಈ ಸೀಮೆಯ ಹಳ್ಳಿಗಳವರು ಬಲ್ಲ ರೂಢಿಯೇ. ಉಳಿದ ಕಾಲದಲ್ಲಿ 'ಸುಮ್ಮನಿರು' ಎಂದು ಗದರುವ ಹಿರಿಯರೂ ಆ ಹೊತ್ತಿನಲ್ಲಿ ಅವರನ್ನು ತಡೆಯುವದಿಲ್ಲ. ಆ ಕಿರುಬಾಗಿಲಿನಿಂದಲೇ ಸ್ತ್ರೀವಾಣಿಯು ಅನ್ಯದೇಶಗಳ ಸಾಹಿತ್ಯದೊಳಗೂ ಕಾಲಿಟ್ಟಿರುವದು. ಇದಕ್ಕೆ ಅರಬ್ಬರ ನಾಡಿನ ಇಬ್ಬರು ಸೋದರಿಯರೇ ಸಾಕ್ಷಿ.

ಏಳನೆಯ ಶತಮಾನದಲ್ಲಿದ್ದ ಅಲ್-ಖನ್ಸಾ ಎಂಬಾಕೆಯು ಸುಲೈಮ್ ಕುಲದವಳು. ಮುಆವಿಯ, ಸಖ್ರ್ ಎಂಬ ಆಕೆಯ ಸೋದರರು ಕುಲಕಲಹಗಳಲ್ಲಿ ಮಡಿದರು. ಅವರಿಗಾಗಿ, ಅದರಲ್ಲಿಯೂ ಸಖ್ರನಿಗಾಗಿ, ರಚಿಸಿದ ಶೋಕಗೀತಗಳಿಂದಲೇ ಆಕೆಯು ಅರಬ್ಬೀ ಭಾಷೆಯ ಶ್ರೇಷ್ಠ ಕವಿಗಳ ಸಾಲಿನಲ್ಲಿ ನಿಂತಳು.

ಈಚಿನವಳು ಪ್ಯಾಲೆಸ್ಟೈನಿನ ನಾಬ್ಲುಸ್ ಪಟ್ಟಣದ ಫದ್ವಾ ತೂಕಾನ್ (1917–2003). ಮನೆಯವರು ಆಕೆಯನ್ನು ಶಾಲೆ ಬಿಡಿಸಿ ಮನೆಯಲ್ಲಿಯೇ ಕೂಡ್ರಿಸಿದರು. ಕವಿಯಾಗಿದ್ದ ಅಣ್ಣ ಇಬ್ರಾಹಿಮನು ತಂಗಿಗೆ ಕಾವ್ಯವನ್ನು ಕಲಿಸಿದನು. 1941ರಲ್ಲಿ ಅವನು ತೀರಿಕೊಂಡ ಮೇಲೆ ಆಕೆಯು ಅವನ ಕುರಿತೇ ಒಂದು ಗ್ರಂಥವನ್ನು ಬರೆದಳು. 1952ರಲ್ಲಿ ಆಕೆಯ ಮೊದಲನೆಯ ಕವನಸಂಗ್ರಹವು ಹೊರಬಂದಿತು. ಅಣ್ಣನ ಅಳಲಿನಿಂದ ಹೊರಟ ಆ ಲೇಖನಿಯು ಮುಂದೆ ನಾಡಿನ ಅಳಲನ್ನೂ ಹೆಣ್ಣಿನ ಸೆರೆಯನ್ನೂ ಜಗತ್ತಿಗೆ ತಿಳಿಸಿತು.

ಲಕ್ಕುಂಡಿಯ ತಂಗಿಯ ಶೋಕವಾದರೋ ಜಿಜ್ಞಾಸೆಯಾಗಿ ಬೆಳೆಯಿತು. ಅಲ್ಲಮಪ್ರಭುದೇವರು ಸಂತೈಸಲು ಬಂದಾಗ ಮುಕ್ತಾಯಕ್ಕನು ಸುಮ್ಮನೆ ತಲೆದೂಗಲಿಲ್ಲ. ಅರಿತವರಿಗೆ ಇನ್ನೂ ಮಾತೇತಕ್ಕೆ ಬೇಕೆಂದು ಅವರನ್ನೇ ಕೇಳಿದಳು. ಪ್ರಭುದೇವರೂ ಆ ಪ್ರಶ್ನೆಯನ್ನು ಹೆಣ್ಣಿನ ಮಾತೆಂದು ತಳ್ಳಲಿಲ್ಲ, ಉತ್ತರವಿತ್ತರು. ಆ ಸಂವಾದವು ಶೂನ್ಯಸಂಪಾದನೆಯಲ್ಲಿ ಸೇರಿ ಇಂದಿಗೂ ಉಳಿದಿದೆ. ಆಕೆಯ ವಚನಗಳ ಅಂಕಿತವು 'ಅಜಗಣ್ಣ ತಂದೆ'. ಅಣ್ಣನ ಹೆಸರನ್ನು ಉಳಿಸಿದವಳು ತಂಗಿಯೇ.

ಪ್ರಭುದೇವರ ಉತ್ತರವನ್ನು ಭಕ್ತಿಯಿಂದ ಕೇಳುವ ಸದ್ಭಕ್ತರು, ಆ ಉತ್ತರಕ್ಕೆ ಕಾರಣವಾದ ಪ್ರಶ್ನೆಯನ್ನೂ ಅಷ್ಟೇ ಆದರದಿಂದ ಕೇಳತಕ್ಕದ್ದು. ಮನೆಯ ಮಗಳ ಮಾತಿಗೆ ಕಿವಿಗೊಡಲು ಮನೆಯಲ್ಲಿ ಸಾವಾಗುವವರೆಗೆ ಕಾಯಬೇಕಾಗಿಲ್ಲ. ಅಣ್ಣನು ಬದುಕಿರುವಾಗಲೇ ತಂಗಿಯ ನುಡಿಯನ್ನು ಆಲಿಸಿದರೆ, ಅದೇ ಮುಕ್ತಾಯಕ್ಕನಿಗೆ ಸಲ್ಲುವ ಪೂಜೆ.