ಆನೇಕಲ್ಲಿನ ವಿಮಾನಗಳು: ಒಂದು ಶಾಸ್ತ್ರಗ್ರಂಥದ ಪರೀಕ್ಷೆ

ಎರಡು ವಿದ್ಯೆಗಳ ಗಡಿಯ ಮೇಲೆ ನಿಂತ ಪ್ರತಿಪಾದನೆಗೆ ಒಂದು ವಿಶೇಷ ಅನುಕೂಲವಿರುತ್ತದೆ. ಅದು ತಮ್ಮ ವಿಷಯವಲ್ಲವೆಂದು ಇತ್ತಲಿನ ವಿದ್ವಾಂಸರೂ ಅತ್ತಲಿನ ವಿದ್ವಾಂಸರೂ ಸುಮ್ಮನಿದ್ದುಬಿಡುವುದರಿಂದ, ಯಾರ ಪರೀಕ್ಷೆಗೂ ಒಳಗಾಗದೆ ದೀರ್ಘಕಾಲ ಬದುಕಿಕೊಳ್ಳಬಲ್ಲದು. ಭರದ್ವಾಜ ಮಹರ್ಷಿಯ ಹೆಸರಿನಲ್ಲಿ ಪ್ರಚಲಿತವಾಗಿರುವ ‘ವೈಮಾನಿಕ ಶಾಸ್ತ್ರ’ ಇಂಥದೊಂದು ಕೃತಿ. ಸಂಸ್ಕೃತ ಬಲ್ಲವರಿಗೆ ಅದರ ಯಂತ್ರಗಳು ಅಪರಿಚಿತವಾದವು. ಯಂತ್ರ ಬಲ್ಲವರಿಗೆ ಅದರ ಶ್ಲೋಕಗಳು ದೂರವಾದವು. ಪ್ರಾಚೀನ ಭಾರತದಲ್ಲಿ ವಿಮಾನಗಳು ಹಾರುತ್ತಿದ್ದವೆಂಬುದಕ್ಕೆ ಲಿಖಿತ ಪುರಾವೆಯೆಂಬ ಪಟ್ಟ ಅದಕ್ಕೆ ದೊರೆತದ್ದು ಈ ನಡುವಿನ ತೆರಪಿನಲ್ಲಿ.

ಕೃತಿಯ ಹಿಂದಿ ಆವೃತ್ತಿ 1959ರಲ್ಲಿ ಬಂದಿತು, ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಸಂಸ್ಕೃತ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಚಿತ್ರಗಳನ್ನೂ ಒಳಗೊಂಡ ಆವೃತ್ತಿಯನ್ನು 1973ರಲ್ಲಿ ಹೊರತಂದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು ಎಂಬ ಐವರು ಇದರ ವಿಮರ್ಶಾತ್ಮಕ ಅಧ್ಯಯನವೊಂದನ್ನು ಪ್ರಕಟಿಸಿದರು. ಇವರನ್ನು ಪರಂಪರೆಯ ದ್ವೇಷಿಗಳೆಂದು ಕರೆಯುವಂತಿಲ್ಲ. ಐವರಲ್ಲಿ ಒಬ್ಬರಾದ ನಾಗೇಂದ್ರ ಅವರು ಮುಂದೆ ನಾಡಿಗೆಲ್ಲ ಪರಿಚಿತರಾದದ್ದು ಯೋಗದ ಅಧ್ಯಯನ ಮತ್ತು ಪ್ರಸಾರದ ಮೂಲಕ.

ವೈಮಾನಿಕ ಎಂಜಿನಿಯರಿಂಗ್ ಬಲ್ಲವರಿಗೆ ಚಿತ್ರಗಳನ್ನು ನೋಡಿ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭವಾಗಿತ್ತು. ಅವರು ಹಾಗೆ ಮಾಡದೆ, ಇದನ್ನು ಬರೆದವರು ಯಾರು ಮತ್ತು ಯಾವಾಗ ಎಂಬ ಪ್ರಶ್ನೆಯನ್ನೂ ಇದರಲ್ಲಿ ಹೇಳಿರುವ ಯಂತ್ರ ಹಾರಬಲ್ಲದೇ ಎಂಬ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರು. ಅಧ್ಯಯನದ ನಿಜವಾದ ಹಿರಿಮೆ ಇಲ್ಲಿದೆ. ಏಕೆಂದರೆ ಹಾರಲಾರದ ಯಂತ್ರವನ್ನು ವರ್ಣಿಸುವ ಗ್ರಂಥವೂ ಪ್ರಾಚೀನವಾಗಿರಬಹುದು, ಹಾರಬಲ್ಲ ಯಂತ್ರವನ್ನು ವರ್ಣಿಸುವ ಗ್ರಂಥವೂ ಇತ್ತೀಚಿನದಾಗಿರಬಹುದು. ಒಂದು ಪ್ರಶ್ನೆಯ ಉತ್ತರದಿಂದ ಇನ್ನೊಂದರ ಉತ್ತರವನ್ನು ಊಹಿಸುವಂತಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಪ್ರಯೋಗಾಲಯದಲ್ಲಿ ಸಿಗುವಂಥದಾಗಿರಲಿಲ್ಲ. ಕೃತಿಯ ಮೂಲದಲ್ಲಿದ್ದ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಅಷ್ಟರಲ್ಲಿ ತೀರಿಕೊಂಡು ಮೂರು ದಶಕಗಳಾಗಿದ್ದರೂ, ಅವರನ್ನು ಹತ್ತಿರದಿಂದ ಬಲ್ಲವರು ಇನ್ನೂ ಇದ್ದರು. ಸಂಶೋಧಕರು ಅಂಥವರೊಡನೆ ಮಾತನಾಡಿ ವಿವರ ಕಲೆಹಾಕಿದರು. ಶಾಸ್ತ್ರಿಗಳು ಒಂದು ಬಗೆಯ ಆವೇಶದ ಸ್ಥಿತಿಯಲ್ಲಿ ಶ್ಲೋಕಗಳನ್ನು ಹೇಳುತ್ತಾ ಹೋಗುತ್ತಿದ್ದರೆಂದೂ, ಜಿ. ವೆಂಕಟಾಚಲ ಶರ್ಮರು ಅವನ್ನು ಬರೆದುಕೊಳ್ಳುತ್ತಿದ್ದರೆಂದೂ ತಿಳಿದುಬಂದಿತು. ಕೈಬರಹದ ಪ್ರತಿಗಳ ಜಾಡು ಹಿಡಿದು ಹೋದರೆ ಅದು ಈ ಬರವಣಿಗೆಯಲ್ಲಿಯೇ ಕೊನೆಗೊಳ್ಳುತ್ತಿತ್ತು. ಅದಕ್ಕಿಂತ ಹಳೆಯ ತಾಳೆಗರಿಯಾಗಲಿ ಓಲೆಯಾಗಲಿ ಸಿಗಲಿಲ್ಲ. ಜೊತೆಗೆ ಭಾಷೆಯ ಸಾಕ್ಷ್ಯವಿತ್ತು. ವೇದಕಾಲದ ಋಷಿಯದೆಂದು ಹೇಳಲಾದ ಈ ಶ್ಲೋಕಗಳ ಸಂಸ್ಕೃತ ಸರಳವೂ ಆಧುನಿಕವೂ ಆಗಿದ್ದು, ವೈದಿಕ ಭಾಷೆಯ ಸ್ವರಚಿಹ್ನೆಗಳಾಗಲಿ ರೂಪಗಳಾಗಲಿ ಅಲ್ಲಿ ಇರಲಿಲ್ಲ. ಇವೆಲ್ಲವನ್ನೂ ಕೂಡಿಸಿ ನೋಡಿ, ಕೃತಿ 1900 ಮತ್ತು 1922ರ ನಡುವೆ ರಚಿತವಾದದ್ದೆಂಬ ನಿರ್ಣಯಕ್ಕೆ ಅವರು ಬಂದರು. ರೈಟ್ ಸೋದರರ ಯಂತ್ರ ಹಾರಿದ್ದು 1903ರ ಡಿಸೆಂಬರ್‌ನಲ್ಲಿ, ಮೊದಲ ಮಹಾಯುದ್ಧ ಮುಗಿದದ್ದು 1918ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ ಸಾಕು, ವಿಮಾನದ ಸುದ್ದಿ ಆ ಹೊತ್ತಿಗೆ ಎಷ್ಟು ದೂರ ಹಬ್ಬಿದ್ದಿರಬಹುದೆಂಬುದು ತಿಳಿಯುತ್ತದೆ.

ಎರಡನೆಯ ಪ್ರಶ್ನೆಗಾಗಿ ಶಕುನ, ಸುಂದರ, ರುಕ್ಮ ಮತ್ತು ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ಪರಿಶೀಲಿಸಲಾಯಿತು. ವಿಮಾನವೊಂದು ಮೇಲೇಳಬೇಕಾದರೆ ಅದು ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಹಾಗೆ ತಳ್ಳಿದ್ದಕ್ಕೆ ಪ್ರತಿಯಾಗಿ ಅದರ ಮೇಲೆ ಮೇಲ್ಮುಖವಾದ ಬಲವೊಂದು ಉಂಟಾಗುತ್ತದೆ. ಇದಕ್ಕೆ ಉತ್ಥಾಪಕ ಬಲವೆಂದು ಹೆಸರು, ನ್ಯೂಟನ್ನನ ಮೂರನೆಯ ನಿಯಮ ಇದರ ಆಧಾರ. ಮುಂದಕ್ಕೆ ಸಾಗಲು ಬೇಕಾದ ಬಲ ನೋದನ. ನಾಲ್ಕರಲ್ಲಿ ರುಕ್ಮ ವಿಮಾನವೊಂದರಲ್ಲಿ ಮಾತ್ರ ಸ್ವಲ್ಪ ಅರ್ಥವಿದೆಯೆಂದು ಸಂಶೋಧಕರು ಒಪ್ಪಿಕೊಂಡರು. ಅದರಲ್ಲಿ ಉದ್ದನೆಯ ಲಂಬ ಕೊಳವೆಗಳಿದ್ದು, ಅವುಗಳ ತುದಿಯ ಫ್ಯಾನುಗಳು ಮೇಲಿನಿಂದ ಗಾಳಿಯನ್ನು ಎಳೆದು ಕೊಳವೆಯ ಮೂಲಕ ಕೆಳಕ್ಕೆ ಕಳುಹಿಸುತ್ತವೆ. ಆದ್ದರಿಂದ ಉತ್ಥಾಪಕ ಬಲ ಹುಟ್ಟುವುದು ತತ್ತ್ವಶಃ ಸಾಧ್ಯ. ಎದುರಾಳಿಗೆ ಸಲ್ಲಬೇಕಾದ ಅಂಕವನ್ನು ಹೀಗೆ ಕೊಟ್ಟುಬಿಡುವ ಪ್ರಾಮಾಣಿಕತೆ ವಾದವಿವಾದಗಳಲ್ಲಿ ಅಪರೂಪವೆನ್ನಬೇಕು. ಉಳಿದವುಗಳ ಆಕಾರ ಹಾರಾಟಕ್ಕೆ ಒಗ್ಗದ್ದಾಗಿತ್ತು. ಅವುಗಳ ನೋದನದ ಏರ್ಪಾಡು ಹಾರಾಟಕ್ಕೆ ನೆರವಾಗುವ ಬದಲು ಅದನ್ನು ತಡೆಯುವಂತಿತ್ತು. ನಾಲ್ಕರಲ್ಲಿ ಯಾವುದಕ್ಕೂ ಹಾರುವ ಗುಣವಾಗಲಿ ಸಾಮರ್ಥ್ಯವಾಗಲಿ ಇಲ್ಲವೆಂಬುದು ಅಂತಿಮ ತೀರ್ಮಾನ.

ಅತ್ಯಂತ ಕುತೂಹಲದ ಭಾಗವೆಂದರೆ ಚಿತ್ರಗಳದು. ಪಠ್ಯ ಹೇಳುವುದೇ ಒಂದು, ಚಿತ್ರ ತೋರಿಸುವುದೇ ಇನ್ನೊಂದು. ಚಿತ್ರಗಳಲ್ಲಿ ಮಾತ್ರ ಆಧುನಿಕ ಯಂತ್ರಭಾಗಗಳ ಪರಿಚಯ ನಿಚ್ಚಳವಾಗಿ ಕಾಣುತ್ತದೆ. ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಅವನ್ನು ಬರೆದ ಟಿ. ಕೆ. ಎಲ್ಲಪ್ಪನವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದವರೆಂಬುದು ತಿಳಿದಾಗ ಈ ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾಲೇಜಿನ ಕಾರ್ಯಾಗಾರದಲ್ಲಿ ಕಣ್ಣಿಗೆ ಬಿದ್ದ ಸಾಮಗ್ರಿಯೇ ಕಾಗದದ ಮೇಲೆ ಋಷಿಯ ವಿಮಾನದೊಳಗೆ ಸೇರಿಕೊಂಡಿದೆ. ಬಲದ ಲೆಕ್ಕಾಚಾರದಿಂದ ಇದನ್ನು ಕಂಡುಕೊಳ್ಳಲಾಗುತ್ತಿರಲಿಲ್ಲ, ಛಂದಸ್ಸಿನ ವಿಶ್ಲೇಷಣೆಯಿಂದಲೂ ಆಗುತ್ತಿರಲಿಲ್ಲ. ಬಲ್ಲವರನ್ನು ಹುಡುಕಿ ಹೋಗಿ, ಚಿತ್ರ ಬರೆದವರು ಯಾರು, ಅವರ ಕಸುಬೇನು ಎಂದು ವಿಚಾರಿಸಬೇಕಾಯಿತು.

ತಪ್ಪಿನ ಹೊಣೆಯನ್ನು ಹೊರಿಸುವುದರಲ್ಲಿಯೂ ಅಧ್ಯಯನ ಎಚ್ಚರ ವಹಿಸಿದೆ. ಶಾಸ್ತ್ರಿಗಳನ್ನು ಅದು ವಂಚಕರೆಂದು ಕರೆಯಲಿಲ್ಲ. ಹಸ್ತಪ್ರತಿಯ ಇತಿಹಾಸವನ್ನು ತಿರುಚಿದ ಅಥವಾ ಮರೆಮಾಚಿದ ದೋಷ ಪ್ರಕಟಣೆಗೆ ಸಂಬಂಧಿಸಿದವರದೆಂದು ಹೇಳಿತು. ಆದರೂ 2015ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ 102ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದೇ ಕೃತಿಯನ್ನು ಆಧರಿಸಿದ ಉಪನ್ಯಾಸವೊಂದು ಪ್ರಾಚೀನ ವಿಮಾನವಿದ್ಯೆಯ ಹೆಸರಿನಲ್ಲಿ ನಡೆದು, ದೇಶವಿದೇಶಗಳ ವಿಜ್ಞಾನಿಗಳಿಂದ ಆಕ್ಷೇಪಣೆಗೆ ಗುರಿಯಾಯಿತು. ಆ ಆಕ್ಷೇಪಣೆಗೆ ಹೊಸದಾಗಿ ಯಾವ ಪ್ರಯೋಗವನ್ನೂ ನಡೆಸಬೇಕಾದ ಅಗತ್ಯ ಬೀಳಲಿಲ್ಲ. ಬೆಂಗಳೂರಿನ ಐವರ ಲೇಖನ ಅಚ್ಚಾಗಿ ಆಗಲೇ ನಾಲ್ವತ್ತು ವರ್ಷಗಳಾಗಿದ್ದವು, ಪತ್ರಿಕೆಗಳು ಅದನ್ನೇ ಹುಡುಕಿ ತೆಗೆದು ಮತ್ತೆ ಉಲ್ಲೇಖಿಸಿದವು.