ಫಲಿತಾಂಶದ ಬೆನ್ನು ಹತ್ತಿದ ಶಾಲೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಿ ಹೋದರೂ ಪ್ರೌಢಶಾಲೆಗಳಿಗೆ ಎದುರಾಗುವ ಪ್ರಶ್ನೆ ಒಂದೇ: ನಿಮ್ಮದು ಶೇಕಡಾ ಎಷ್ಟಾಯಿತು? ಈ ಲೆಕ್ಕ ಶುರುವಾಗಿ ನೂರೈವತ್ತು ವರ್ಷದ ಮೇಲಾಯಿತು.

ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಉಳಿದ ಸೀಮೆ ಮುಂಬೈ ಪ್ರಾಂತ್ಯದ ಕೈಯಲ್ಲಿತ್ತು. ಅಲ್ಲಿ ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು, ಮಾಸ್ತರರನ್ನು ತಯಾರು ಮಾಡುವ ಧಾರವಾಡದ ನಾರ್ಮಲ್ ಶಾಲೆಯನ್ನೂ ಮುನ್ನಡೆಸಿದರು.

ಆದರೆ 1860ರ ದಶಕದಲ್ಲಿ ಮುಂಬೈ ಸರಕಾರ ತಂದದ್ದು ಬೇರೊಂದು ದಾರಿ, ಫಲಿತಾಂಶ ನೋಡಿ ಅನುದಾನ ಕೊಡುವುದು. ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಹುಡುಗರು ಒಬ್ಬೊಬ್ಬರಾಗಿ ಓದಬೇಕು, ಬರೆಯಬೇಕು, ಲೆಕ್ಕ ಬಿಡಿಸಬೇಕು. ಪಾಸಾದವರ ತಲೆ ಎಣಿಸಿ ಶಾಲೆಗೆ ಹಣ. ಮಾಸ್ತರರು ಏನು ಮಾಡಿಯಾರು? ಸಾಹೇಬರು ಕೇಳುವಷ್ಟನ್ನೇ ಗಿಳಿಪಾಠ ಮಾಡಿಸಿದರು. ಕೊನೆಗೆ 1904ರ ಶಿಕ್ಷಣ ನಿರ್ಣಯದಲ್ಲಿ ಭಾರತ ಸರಕಾರವೇ ಈ ಪದ್ಧತಿ ಬೇಡವೆಂದಿತು. ಪದ್ಧತಿ ಹೋಯಿತು, ಚಟ ಹೋಗಲಿಲ್ಲ.

ಈ ನಡುವೆ ಶಾಲೆಗಳು ಹೆಚ್ಚಿದವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಕಟ್ಟಿದರು. 1969ರಲ್ಲಿ ಕಿತ್ತೂರಿಗೆ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಬಂತು. ಆಮೇಲೆ ಬಿಸಿಯೂಟ, ಕೆಲವು ವರ್ಷ ಎಂಟನೆಯ ತರಗತಿಗೆ ಸೈಕಲ್ಲು ಬಂದವು. ಊಟ, ಸೈಕಲ್ಲುಗಳನ್ನು ಗುಣಮಟ್ಟದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ, ನಾನು ಹಿಡಿಯುತ್ತೇನೆ. ದಿನಾ ಶಾಲೆಗೆ ಬಾರದ ಮಗುವಿಗೆ ಎಂಥ ಪಾಠ, ಎಂಥ ಪರೀಕ್ಷೆ?

ಈಗಿನ ಸಂಗತಿಗೆ ಬರೋಣ. ಜನವರಿ ಬಂತೆಂದರೆ ಹತ್ತನೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆ, ಸಂಜೆಯ ವಿಶೇಷ ತರಗತಿ, ಹಿಂದುಳಿದವರಿಗೆ ಪಾಸಾಗಲು ಬೇಕಾದಷ್ಟೇ ಕಲಿಸುವ ಪಾಸಿಂಗ್ ಪ್ಯಾಕೇಜ್. ಶಿಕ್ಷಕರ ಬೆವರಿನ ಬಗ್ಗೆ ಎರಡು ಮಾತಿಲ್ಲ. ಆದರೂ 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ನಕಲು ತಡೆಯುವ ಕ್ಯಾಮೆರಾ ಬಂದಾಗ, ಕೃಪಾಂಕ ಹೆಚ್ಚಿಸಿಯೂ ರಾಜ್ಯದ ಫಲಿತಾಂಶ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಇಲ್ಲ. ಎಷ್ಟೋ ಮಕ್ಕಳ ಓದು ಮೊದಲೇ ಹಿಂದೆ ಬಿದ್ದಿತ್ತು, ಆ ವರ್ಷ ಬೆಳಕಿಗೆ ಬಂತು.

ಓದಿನ ಆ ಹಿನ್ನಡೆಯನ್ನು ಹಿಡಿಯಬೇಕಾದ ಜಾಗ ಜೂನ್ ತಿಂಗಳ ಸೇತುಬಂಧ ಕಾರ್ಯಕ್ರಮ. ಎಂಟನೆಯ ತರಗತಿಗೆ ಹೊಸದಾಗಿ ಬಂದ ಹುಡುಗಿಗೆ ಭಾಗಾಕಾರ ಬರುತ್ತದೆಯೇ, ಒಂದು ಪುಟ ಕನ್ನಡ ತಡವರಿಸದೆ ಓದುತ್ತಾಳೆಯೇ ಎಂದು ನೋಡಿ, ಹೆಸರಿನ ಮುಂದೆ ಬರೆದುಕೊಂಡು, ಕಲಿಸಿ, ಮತ್ತೆ ನೋಡುವ ಕೆಲಸ ಅದು. ಮನಸ್ಸಿಟ್ಟು ಮಾಡಿದರೆ ಹತ್ತನೆಯ ತರಗತಿಯ ಓಡಾಟ ಅರ್ಧ ಕಡಿಮೆಯಾಗುತ್ತದೆ. ಕಾಟಾಚಾರಕ್ಕೆ ತುಂಬಿದ ದಾಖಲೆ ಕಪಾಟು ಸೇರುತ್ತದೆ, ಅಷ್ಟೇ.

ಪಾಲಕರೇ, ಮುಂದಿನ ಸಭೆಗೆ ಹೋದಾಗ ಹತ್ತನೆಯವರ ಶೇಕಡಾ ಕೇಳಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಎಂಟನೆಯ ತರಗತಿಯ ಸೇತುಬಂಧದ ದಾಖಲೆಯನ್ನೂ ತೋರಿಸಲು ಹೇಳಿ.