ಅದೇ ಕಾಯ್ದೆಯ ಇನ್ನೊಂದು ಸಾಲು



2020ರಲ್ಲಿ ಸಂಸತ್ತು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಒಂದು ತಿದ್ದುಪಡಿ ತಂದಿತು. ನಮ್ಮ ಕೊಪ್ಪಳ ಭಾಗದವರಿಗೆ ಅದು ಮರೆಯುವಂಥದ್ದಲ್ಲ. ನಾಯಕ ಸಮುದಾಯದ ನಮೂದಿಗೆ ಪರಿವಾರ, ತಳವಾರ ಎಂಬ ಎರಡು ಹೆಸರು ಸೇರಿದವು. ತಹಶೀಲ್ದಾರ್ ಕಚೇರಿಯ ಮೆಟ್ಟಿಲ ಮೇಲೆ, ಝೆರಾಕ್ಸ್ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ. ಆಫ್ರಿಕಾ ಮೂಲದ ಸಿದ್ದಿ ಸಮುದಾಯಕ್ಕೆ 2003ರಿಂದ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತ್ರ ಇದ್ದ ಪರಿಶಿಷ್ಟ ಪಂಗಡದ ಮಾನ್ಯತೆಯನ್ನು ಆ ಸಾಲು ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ವಿಸ್ತರಿಸಿತು. ಊರಿನ ಹತ್ತಾರು ಜನರಿಗೆ ನಾನು ಆ ಕಾಯ್ದೆಯನ್ನು ಓದಿ ಬಿಡಿಸಿ ಹೇಳಿದ್ದೇನೆ. ಎರಡನೆಯ ಸಾಲನ್ನು ಒಮ್ಮೆಯೂ ಓದಲಿಲ್ಲ. ಯಾರೂ ಕೇಳಲೂ ಇಲ್ಲ.

ಕಪ್ಪು ಜನರ ಚರಿತ್ರೆಯನ್ನು ಊರಲ್ಲಿ ಆಚರಿಸುವುದು, ಉಳಿಸುವುದು, ಶಾಲೆಯಲ್ಲಿ ಕಲಿಸುವುದು ಈ ಸಂಕಿರಣದ ವಿಷಯ ಅಂದಾಗ ಗೆಳೆಯರೊಬ್ಬರು, "ಕೊಪ್ಪಳಕ್ಕೂ ಆಫ್ರಿಕಾಕ್ಕೂ ಎಲ್ಲಿಯ ಸಂಬಂಧರೀ ಸರ?" ಎಂದು ಕೇಳಿದರು. ಸಂಬಂಧ ಇದೆ. ನಾವು ಓದದೆ ಬಿಟ್ಟಿದ್ದೇವೆ ಅಷ್ಟೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ನಾನು ಹೈಸ್ಕೂಲು ಓದುವಾಗ ನಮ್ಮ ತರಗತಿಯಲ್ಲಿ ಎಣ್ಣೆಗಪ್ಪು ಬಣ್ಣದ, ಗುಂಗುರು ಕೂದಲಿನ ಹುಡುಗನೊಬ್ಬನಿದ್ದ. ಅವನನ್ನು ನಾವು 'ನೀಗ್ರೋ' ಎಂದು ಕರೆಯುತ್ತಿದ್ದೆವು. ಹಾಜರಿ ಹಾಕುವಾಗ ಮೇಷ್ಟ್ರೂ ಒಮ್ಮೆ ಹಾಗೆ ಕರೆದರು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಕಾರಣ ಅದೇ ಅಂತ ಹೇಳಲಾರೆ. ಮುಂದೆ ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದೆ. ಆದಿಲ್‌ಶಾಹಿ ಅಧ್ಯಾಯ ಬಂದಾಗಲೆಲ್ಲ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಚಾಂದಬೀಬಿ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಚಾಂದಬೀಬಿಯ ನಂತರ 1582ರಿಂದ 1590ರವರೆಗೆ ಬಾಲಕ ಸುಲ್ತಾನ ಇಬ್ರಾಹಿಮನ ಹೆಸರಿನಲ್ಲಿ ವಿಜಾಪುರವನ್ನು ಆಳಿದವನು ದಿಲಾವರ್ ಖಾನ್ ಎಂಬ ಹಬಶಿ. ತಾಳಿಕೋಟೆ ಯುದ್ಧದ ಬಳಿಕ ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಈ ದೋಆಬ್ ಪ್ರದೇಶ ವಿಜಾಪುರದ ಕೈಗೆ ಹೋಗಿತ್ತು. ಅಂದರೆ ನಮ್ಮ ಹೊಲದ ಕಂದಾಯ ಎಂಟು ವರ್ಷ ಆಫ್ರಿಕಾ ಮೂಲದ ಒಬ್ಬ ಮನುಷ್ಯನ ಹುಕುಮಿನಂತೆ ಎಣಿಕೆಯಾಗಿದೆ. ಆ ಹೆಸರನ್ನು ನಾನು ಒಂದು ದಿನವೂ ಹಲಗೆಯ ಮೇಲೆ ಬರೆಯಲಿಲ್ಲ.

ಹುಡುಕಲು ಕೂತರೆ ನಾಲ್ಕೂ ದಿಕ್ಕಿನಿಂದ ಹೆಸರು ಬರುತ್ತವೆ. ಬೀದರಿನ ಊರಾಚೆ ಗುಡ್ಡವೊಂದಿದೆ, ಹೆಸರು ಹಬಶಿ ಕೋಟ್. ಮೇಲೆ ಗೋರಿಗಳಿವೆ. ಆದೋನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್. ಮುಂದೆ ವಿಜಾಪುರದ ಆಡಳಿತವೂ ಅವನ ಕೈಗೆ ಬಂದಿತ್ತು. ಇನ್ನು ನಿಜಾಮರ ಕಾಲ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರಿನಲ್ಲಿದ್ದವು. ನಮ್ಮ ಮುತ್ತಜ್ಜಂದಿರು ಕಟ್ಟಿದ ಹಣ ಹೈದರಾಬಾದಿಗೆ ಹೋಗುತ್ತಿತ್ತು. ಅಲ್ಲಿ ನಿಜಾಮರ ಕಾವಲಿಗೆ ನಿಂತ ಆಫ್ರಿಕನ್ ಅಶ್ವದಳವನ್ನು ಮೊದಲು ಕಟ್ಟಿ ಬೆಳೆಸಿದ್ದು ವನಪರ್ತಿ ಸಂಸ್ಥಾನ. ಹೈದರಾಬಾದಿನ ಬಸ್ಸಿನಲ್ಲಿ ಕಂಡಕ್ಟರ್ 'ಎ.ಸಿ. ಗಾರ್ಡ್ಸ್' ಎಂದು ಕೂಗಿದರೆ ಅದು ಆ ದಳದವರು ನೆಲೆಸಿದ್ದ ಬಡಾವಣೆ. ಹವಾನಿಯಂತ್ರಣಕ್ಕೂ ಅದಕ್ಕೂ ಸಂಬಂಧವಿಲ್ಲ, ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು.

ಮಲಿಕ್ ಅಂಬರನ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ಇಥಿಯೋಪಿಯಾದಲ್ಲಿ ಹುಟ್ಟಿದವನು, ಎಳೆಯ ವಯಸ್ಸಿನಲ್ಲೇ ಮಾರಾಟವಾದ. ಮೋಖಾ, ಬಾಗ್ದಾದ್ ದಾಟಿ ಅಹಮದ್‌ನಗರಕ್ಕೆ ಬಂದ. ಅಲ್ಲಿ ಅವನನ್ನು ಕೊಂಡ ದಿವಾನ ಚಂಗೇಜ್ ಖಾನನೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬಶಿಯೇ. ಮಧ್ಯೆ ಕೆಲವು ಕಾಲ ವಿಜಾಪುರದ ಚಾಕರಿಯೂ ಆಯಿತು. ಕೊನೆಗೆ ಅಹಮದ್‌ನಗರದ ನಿಜಾಮ್‌ಶಾಹಿಯನ್ನು ತಾನೇ ಹೊತ್ತು ನಿಂತ. 1610ರಲ್ಲಿ ಖಡ್ಕಿ ಎಂಬ ಊರನ್ನು ಕಟ್ಟಿದ. ಮುಂದೆ ಔರಂಗಾಬಾದ್ ಎನ್ನಿಸಿಕೊಂಡದ್ದು ಅದೇ. ನೆಲದೊಳಗಿನ ಕಾಲುವೆಯಿಂದ ಆ ಊರಿಗೆ ನೀರು ತಂದ. ಜಹಾಂಗೀರ್ ಬಾದಶಹನಿಗೆ ಇವನನ್ನು ಸೋಲಿಸಲಾಗಲಿಲ್ಲ. ಆಸ್ಥಾನದ ಚಿತ್ರಕಾರ ಅಬುಲ್ ಹಸನ್ ಕೈಯಿಂದ ಒಂದು ಚಿತ್ರ ಬರೆಯಿಸಿದ: ಈಟಿಯ ತುದಿಯಲ್ಲಿ ಅಂಬರನ ರುಂಡ, ಅದಕ್ಕೆ ಬಾಣ ಹೂಡಿ ನಿಂತ ಬಾದಶಹ. ಆ ಚಿತ್ರ ಈಗ ಡಬ್ಲಿನ್ ನಗರದಲ್ಲಿದೆ. ರುಂಡ ಕತ್ತರಿಸಿದ್ದು ಕುಂಚದಲ್ಲಿ ಮಾತ್ರ. ಅಂಬರ್ 1626ರಲ್ಲಿ ಎಂಬತ್ತರ ಹತ್ತಿರದ ಮುದುಕನಾಗಿ ತೀರಿಕೊಂಡ, ಖುಲ್ದಾಬಾದಿನಲ್ಲಿ ಮಲಗಿದ್ದಾನೆ. ಇದನ್ನು ಮಕ್ಕಳಿಗೆ ಹೇಳಿ ನೋಡಿ. ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, 'ಇದು ನಡೆದದ್ದೋ, ನಡೆಯಲೆಂದು ಬಯಸಿದ್ದೋ' ಎಂದು ಕೇಳಿ. ಆಧಾರವನ್ನು ಪರೀಕ್ಷಿಸುವುದು ಹೇಗೆಂಬ ಪಾಠ ಅಲ್ಲಿಂದಲೇ ಶುರು ಮಾಡಬಹುದು.

ಆದರೆ ನನಗೆ ಒಂದು ಭಯವಿದೆ. ಶಾಲೆಗಳಿಗೆ ಸರದಾರರೆಂದರೆ ಬಹಳ ಪ್ರೀತಿ. ಕೋಟೆ, ಕತ್ತಿ, ಇಸವಿ ಎಲ್ಲ ಸಿಕ್ಕಿಬಿಡುತ್ತದೆ, ಪ್ರಶ್ನೆಪತ್ರಿಕೆಗೂ ಅನುಕೂಲ. ದಖ್ಖನಿನಲ್ಲಿ ಗುಲಾಮ ಸರದಾರನಾಗಬಹುದಿತ್ತು ಎಂದು ಹೇಳಿ ಚಪ್ಪಾಳೆ ತಟ್ಟಿಸಿ ಮುಗಿಸಿಬಿಡುವುದು ಸುಲಭ. ಅಂಬರನೊಂದಿಗೆ ಮಾರಾಟವಾದ ಉಳಿದ ಮಕ್ಕಳ ಹೆಸರು ಎಲ್ಲಿದೆ? ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆಯ ಸಿದ್ದಿಗಳಲ್ಲಿ ಅವರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಉಂಟು. ಓಡಿಹೋಗಿ ಬದುಕಿದವರಿಗೆ ಅಬುಲ್ ಹಸನನಂಥ ಚಿತ್ರಕಾರ ಇರಲಿಲ್ಲ. ಅಡಿಕೆ ತೋಟದ ಕೂಲಿ, ಜೀತ, ಕಾಡುತ್ಪತ್ತಿ, ಇವೇ ಅವರ ದಫ್ತರ. ನನ್ನ ಲೆಕ್ಕದಲ್ಲಿ ದಿಲಾವರ್ ಖಾನನಿಗಿಂತ ಈ ಓಡಿಹೋದವರ ಕಥೆಯೇ ದೊಡ್ಡದು. ಸಭೆಯಲ್ಲಿರುವ ಇತಿಹಾಸಕಾರರು ಒಪ್ಪದಿದ್ದರೆ ಮಧ್ಯಾಹ್ನ ಜಗಳ ಆಡೋಣ.

ನಾವು ಸಿದ್ದಿಗಳನ್ನು ಕಂಡದ್ದಾದರೂ ಹೇಗೆ? 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಡಲು ಹೊರಟಿತು. ಆಫ್ರಿಕಾದ ಮೈಕಟ್ಟು, ಪದಕ ತಂದುಕೊಡುತ್ತದೆ ಎಂಬ ಲೆಕ್ಕ. ಪದಕವೂ ಬಂದವು, ನಿಜ. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಕಾಲು ನೋಡಿದವರು ಮುಖ ನೋಡಲಿಲ್ಲ. ಅದೇ ದಶಕದಲ್ಲಿ ಮಂಚಿಕೇರಿಯಲ್ಲಿ ಬೇರೊಂದು ಕೆಲಸ ನಡೆಯಿತು. ನೀನಾಸಂ ರಂಗಸಂಸ್ಥೆಯವರು ಸಿದ್ದಿಗಳ ಜೊತೆ ಕೂತು, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವನ್ನಾಗಿ ಮಾಡಿದರು. ನಿರ್ದೇಶಕರು ಚಿದಂಬರರಾವ್ ಜಂಬೆ. ಆಡಿದವರು ಸಿದ್ದಿಗಳೇ, ಕನ್ನಡದಲ್ಲಿ. ಮುಂದೆ ಆ ಸಮುದಾಯದಿಂದ ರಂಗಭೂಮಿಗೆ, ಸಿನಿಮಾಕ್ಕೆ ಕಲಾವಿದರು ಬಂದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ರಾಜ್ಯದ ಶಾಸನಸಭೆಗೆ ಕಾಲಿಟ್ಟ ಮೊದಲಿಗರು.

ಕೆಲವು ವರ್ಷಗಳ ಹಿಂದೆ ನಾನು ಯಲ್ಲಾಪುರದ ಕಡೆ ಹೋಗಿದ್ದೆ. ಒಂದು ಮನೆಯ ಜಗಲಿಯ ಮೇಲೆ ಅಜ್ಜಿಯೊಬ್ಬರು ಕೌದಿ ಹೊಲಿಯುತ್ತ ಕೂತಿದ್ದರು. ಅವರು ಅದನ್ನು ಕವಂದಿ ಎನ್ನುತ್ತಾರೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ಬಟ್ಟೆಯ ತುಂಡು ಇಡುತ್ತ, ಸುತ್ತು ಹಾಕಿಕೊಂಡು ಒಳಗೆ ಒಳಗೆ ಬರುತ್ತಾರೆ. ಹೊಲಿಗೆ ನಡುವಿಗೆ ಬಂದಾಗ ಕೌದಿ ಮುಗಿಯಿತು. ಕಡೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಚೌಕಾಗಿ ಮಡಚಿ ಮಡಚಿ ಕೂರಿಸಿದ ಸಣ್ಣ ಹೂವು, ಅದಕ್ಕೆ 'ಫುಲ' ಎಂದು ಹೆಸರು. ಇದು ಯಾಕಮ್ಮ ಎಂದು ಕೇಳಿದೆ. ಫುಲ ಹಾಕದಿದ್ದರೆ ಕೌದಿ ಬೆತ್ತಲೆ ಎಂದರು. ಆಮೇಲೆ ಸೂಜಿ ಕೆಳಗಿಡದೆ, "ನಿಮ್ಮ ಬದಿಗೆ ಕೌದಿ ಹೊಲಿಯೋರು ಯಾರು ಮಾಸ್ತರ್ರೆ?" ಎಂದು ಕೇಳಿದರು. ನಮ್ಮವ್ವ ಹೊಲಿಯುತ್ತಿದ್ದಳು ಎಂದೆ. ಅದು ಪೂರ್ತಿ ನಿಜವಲ್ಲ. ಅವ್ವನ ಕಣ್ಣು ಮಂಜಾದ ಮೇಲೆ ವರ್ಷಕ್ಕೊಮ್ಮೆ ಸುಗ್ಗಿ ಮುಗಿದಾಗ ಹೆಣ್ಣುಮಗಳೊಬ್ಬಳು ಬಂದು, ಅಂಗಳದಲ್ಲಿ ಕೂತು, ಇಳಕಲ್ ಸೀರೆಯ ಹರಕು, ಅಪ್ಪನ ಧೋತರ ಎಲ್ಲ ಸೇರಿಸಿ ಹೊಲಿದುಕೊಟ್ಟು ಜೋಳ ತೆಗೆದುಕೊಂಡು ಹೋಗುತ್ತಿದ್ದಳು. ಪಡಸಾಲೆಗೆ ಅವಳನ್ನು ಕರೆದದ್ದು ನಾನು ಕಂಡಿಲ್ಲ. ಆ ಕೌದಿ ಹೊದ್ದು ನಾನು ಬೆಳೆದೆ. ಅವಳ ಹೆಸರು ನನಗೆ ಗೊತ್ತಿಲ್ಲ.

ಇಲ್ಲಿಂದ ನಮ್ಮ ಜಿಲ್ಲೆಗೆ ಬರಲೇಬೇಕು, ಅಮೆರಿಕದ ದಾರಿಯಾಗಿ ಬರೋಣ. ಅಮೆರಿಕದ ಗ್ರೀನ್ಸ್‌ಬರೊ ಎಂಬ ಊರಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಎಂದಿದ್ದ ಹೋಟೆಲಿನ ಕಟ್ಟೆಗೆ ಹೋಗಿ ಕೂತರು. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಇದೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳದಿದ್ದುದು ಆ ಜಗಳದ ಬೇರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಪ್ರಕರಣ ಮೇಲ್ಮನವಿಗೆ ಹೈಕೋರ್ಟ್ ಮೆಟ್ಟಿಲೇರಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಹುಟ್ಟುಹಬ್ಬದ ದಿನ ಹನುಮಪ್ಪನ ಗುಡಿಯೊಳಗೆ ಓಡಿದ ದಲಿತ ಕೂಸಿನ ಮನೆಯವರಿಗೆ ದಂಡ ಹಾಕಿದ್ದನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಗ್ರೀನ್ಸ್‌ಬರೊ ಕಲಿಸಿ ಮರಕುಂಬಿ ಬಿಟ್ಟರೆ ಚರಿತ್ರೆ ಕಲಿಸಿದಂತಾಗಲಿಲ್ಲ.

ಬಣ್ಣವೂ ಜಾತಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದನ್ನು ಇನ್ನೊಂದರ ಮೇಲೆ ಇಟ್ಟು ಅಳೆದರೆ ಎರಡೂ ಕೈತಪ್ಪುತ್ತವೆ. ಆದರೆ ಈ ಎರಡು ನೋವಿನ ನಡುವೆ ಕಾಗದ ಓಡಾಡಿದೆ. ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯನ್ನು ಗುಲಾಮಿ ಪದ್ಧತಿ ತೊಡೆಯಲು ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರರು ಕಪ್ಪು ಜನರ ಚಿಂತಕ ಡು ಬಾಯ್ಸರಿಗೆ ಪತ್ರ ಬರೆದರು, ಅವರು ಉತ್ತರವನ್ನೂ ಬರೆದರು. 1972ರಲ್ಲಿ ಮುಂಬಯಿಯ ತರುಣರು ತಮ್ಮ ಸಂಘಟನೆಗೆ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಸ್ಫೂರ್ತಿಯಿಂದ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟರು.

ಆಚರಣೆಯ ಬಗ್ಗೆ ಎರಡು ಮಾತು. ನಮ್ಮಲ್ಲಿ ಜಯಂತಿಗಳಿಗೇನೂ ಬರವಿಲ್ಲ. ಫೋಟೋ, ಹಾರ, ಕಾಯಿ, ಚೀಟಿ ನೋಡಿ ಓದುವ ಐದು ನಿಮಿಷದ ಭಾಷಣ, ಮಂಡಾಳ ಒಗ್ಗರಣೆ, ಮುಗಿಯಿತು. ಇಂಥದ್ದೇ ಇನ್ನೊಂದು ಜಯಂತಿ ಕೂಡಿಸುವುದಾದರೆ ಈ ಸಂಕಿರಣವೇ ಬೇಡ. 1926ರಲ್ಲಿ ಅಮೆರಿಕದಲ್ಲಿ ಕಪ್ಪು ಚರಿತ್ರೆಗೆಂದು ಫೆಬ್ರವರಿಯ ಒಂದು ವಾರ ಮೀಸಲಿಟ್ಟವರು ಕಾರ್ಟರ್ ವುಡ್ಸನ್. ಅದು ತಿಂಗಳಾದದ್ದು 1976ರಲ್ಲಿ. ವುಡ್ಸನ್ ಗುಲಾಮರಾಗಿದ್ದ ತಂದೆ ತಾಯಿಯ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ಆಸುಪಾಸಿನಲ್ಲಿ ಹೈಸ್ಕೂಲಿಗೆ ಸೇರಿ, 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದವರು. ನಮ್ಮ ಹಾಸ್ಟೆಲಿನ ಹುಡುಗರಿಗೆ ಇವರ ಕಥೆಯನ್ನು ವಿವರಿಸುವ ಅಗತ್ಯವೇ ಬೀಳದು. ವುಡ್ಸನ್ ಬರೀ ವಾರ ಘೋಷಿಸಲಿಲ್ಲ. ಶಿಕ್ಷಕರಿಗೆ ಚಿತ್ರ, ಪಾಠದ ಟಿಪ್ಪಣಿ, ಕಿರುನಾಟಕ ಸಿದ್ಧಪಡಿಸಿ ಕಳಿಸಿದರು. ಶಾಲೆಗಳು ಅವುಗಳಿಗಾಗಿ ಕಾಯುತ್ತಿದ್ದವು.

ಉಳಿಸುವುದೆಂದರೇನು ಎಂಬುದಕ್ಕೆ ನಮ್ಮ ಗವಿಮಠದ ಬಂಡೆಯನ್ನೇ ನೋಡಿ. ಅಶೋಕನ ಶಾಸನ ಅಲ್ಲಿ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಯಲಲ್ಲೇ ಇತ್ತು. ಅದು ಏನೆಂದು ಗೊತ್ತಾದದ್ದು 1931ರಲ್ಲಿ, ಓದಬಲ್ಲವರು ಅಲ್ಲಿಗೆ ಬಂದ ಮೇಲೆ. ನಮ್ಮ ಮಕ್ಕಳ ಮನೆಯಲ್ಲೂ ಹಾಗೇ ಇರುವ ವಸ್ತುಗಳಿವೆ. ಒಂದು ದಿನ ಪ್ರತಿ ಮಗುವಿಗೂ ಮನೆಯ ಕೌದಿ ತರಲು ಹೇಳಿ. ನೆಲಕ್ಕೆ ಹಾಸಿ, ಯಾವ ತುಂಡು ಯಾರ ಸೀರೆ, ಯಾರು ಹೊಲಿದರು, ಅವರನ್ನು ಮನೆಯೊಳಗೆ ಎಲ್ಲಿಯವರೆಗೆ ಬಿಟ್ಟುಕೊಂಡರು ಎಂದು ಬರೆಯಿಸಿ. ಕೊನೆಯ ಪ್ರಶ್ನೆಗೆ ಕೆಲವು ಮಕ್ಕಳು ಸುಮ್ಮನಾಗುತ್ತಾರೆ. ಒತ್ತಾಯ ಮಾಡಬೇಡಿ. ನೊಂದ ಮನೆಯ ಮಗುವನ್ನು ಎದ್ದು ನಿಲ್ಲಿಸಿ ಹೇಳಿಸುವುದು ಪಾಠವಲ್ಲ, ಇನ್ನೊಂದು ಅವಮಾನ.

ಇನ್ನು ಕಲಿಸುವ ಮಾತು. ಹಾಜರಿ ಪುಸ್ತಕದಲ್ಲಿ ಇರುವ ಹೆಸರಿನಿಂದಲೇ ಮಕ್ಕಳನ್ನು ಕರೆಯಬೇಕು. ಕರಿಯ, ಕೆಂಚ, ಹಬಶಿ, ನೀಗ್ರೋ ಯಾವುದೂ ಬೇಡ, ಸಲುಗೆಗೂ ಬೇಡ.

ಮಧ್ಯಾಹ್ನದ ಗೋಷ್ಠಿಗೆ ಬರುವಾಗ ನಿಮ್ಮ ನಿಮ್ಮ ಇತಿಹಾಸದ ಪಠ್ಯಪುಸ್ತಕ ಮತ್ತು ಒಂದು ಪೆನ್ಸಿಲ್ ತನ್ನಿ. ಆದಿಲ್‌ಶಾಹಿ ಪಾಠದ ಅಂಚಿನಲ್ಲಿ ಜಾಗವಿರುತ್ತದೆ. ದಿಲಾವರ್ ಖಾನ್, ಸಿದ್ದಿ ಮಸೂದ್ ಎಂದು ಬರೆದುಕೊಳ್ಳೋಣ. ಅದರ ಕೆಳಗೆ ನಿಮ್ಮ ಊರಲ್ಲಿ ಕೌದಿ ಹೊಲಿಯುವ ಒಬ್ಬ ಹೆಣ್ಣುಮಗಳ ಹೆಸರು. ಗೊತ್ತಿಲ್ಲದಿದ್ದರೆ ಇವತ್ತು ಸಂಜೆ ಬಸ್ಸಿಳಿದ ಮೇಲೆ ಕೇಳಿಕೊಂಡು ಹೋಗಿ.